ಸೂರ್ಯ ಮಾಯವಾದರೆ ಭೂಮಿಗೆ ಯಾವಾಗ ತಿಳಿಯುತ್ತದೆ?

ಮಕ್ಕಳೇ, ಸೂರ್ಯನ ಬೆಳಕು ನಮ್ಮನ್ನು ತಲುಪಲು ಸುಮಾರು 8 ನಿಮಿಷ 20 ಸೆಕೆಂಡು ಬೇಕು. ಸೂರ್ಯ ಇದ್ದಕ್ಕಿದ್ದಂತೆ ಮಾಯವಾದನೆಂದು ಊಹಿಸಿಕೊಳ್ಳಿ. ಅಷ್ಟು ಹೊತ್ತು ನಮಗೆ ಬಿಸಿಲು ಕಾಣುತ್ತಲೇ ಇರುತ್ತದೆ. ಆದರೆ ಭೂಮಿಯನ್ನು ಹಿಡಿದಿಟ್ಟಿರುವ ಸೂರ್ಯನ ಸೆಳೆತ? ಅದು ಆ ಕ್ಷಣವೇ ಇಲ್ಲವಾಗುತ್ತದೆಯೇ? ಇಂಥ ಪ್ರಶ್ನೆಯನ್ನು ಬಿಡಿಸಲು ಎಂಟು ವರ್ಷ ದುಡಿದವರು ಆಲ್ಬರ್ಟ್ ಐನ್‌ಸ್ಟೈನ್.

ಅವರು 1879ರ ಮಾರ್ಚ್ 14ರಂದು ಜರ್ಮನಿಯ ಉಲ್ಮ್ ಪಟ್ಟಣದಲ್ಲಿ ಜನಿಸಿದರು. ಓದು ಮುಗಿದ ಮೇಲೆ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಗಲಿಲ್ಲ. 1902ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಪೇಟೆಂಟ್ ಕಚೇರಿ ಸೇರಿ, ಹೊಸ ಯಂತ್ರಗಳ ಅರ್ಜಿಗಳನ್ನು ಪರಿಶೀಲಿಸತೊಡಗಿದರು. 1905ರಲ್ಲಿ ವಿಶಿಷ್ಟ ಸಾಪೇಕ್ಷತಾ ಸಿದ್ಧಾಂತವನ್ನು ಪ್ರಕಟಿಸಿದರು. ಅದರಂತೆ ಯಾವ ಸಂದೇಶವೂ ಬೆಳಕಿಗಿಂತ ವೇಗವಾಗಿ, ಅಂದರೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ.ಗಿಂತ ವೇಗವಾಗಿ ಸಾಗಲಾರದು.

ತೊಡಕು ಹುಟ್ಟಿದ್ದು ಇಲ್ಲೇ. 1687ರಲ್ಲಿ ನ್ಯೂಟನ್ ನೀಡಿದ್ದ ನಿಯಮದಂತೆ ಗುರುತ್ವಾಕರ್ಷಣೆ ಎಷ್ಟೇ ದೂರವನ್ನಾದರೂ ಕ್ಷಣಮಾತ್ರವೂ ತಡವಿಲ್ಲದೆ ಮುಟ್ಟುತ್ತದೆ. ಆ ನಿಯಮ 200 ವರ್ಷಗಳಿಗೂ ಹೆಚ್ಚು ಕಾಲ ಗ್ರಹಗಳ ಚಲನೆಯನ್ನು ಚೆನ್ನಾಗಿ ವಿವರಿಸಿತ್ತು. ಆದರೂ ಎರಡೂ ಒಟ್ಟಿಗೆ ಪೂರ್ತಿ ಸರಿಯಾಗಿರಲು ಸಾಧ್ಯವಿರಲಿಲ್ಲ.

1907ರಲ್ಲಿ ಐನ್‌ಸ್ಟೈನ್‌ಗೆ ಒಂದು ವಿಚಾರ ಹೊಳೆಯಿತು. ಮೇಲಿನಿಂದ ಬೀಳುತ್ತಿರುವವನಿಗೆ ತನ್ನ ತೂಕವೇ ತಿಳಿಯದು! ನೀವೂ ಪರೀಕ್ಷಿಸಬಹುದು. ಪ್ಲಾಸ್ಟಿಕ್ ಬಾಟಲಿಯ ಕೆಳಭಾಗದಲ್ಲಿ ತೂತು ಮಾಡಿ, ನೀರು ತುಂಬಿ, ಮುಚ್ಚಳ ತೆಗೆದು ಎತ್ತರದಿಂದ ಕೈಬಿಡಿ. ಬೀಳುವಾಗ ನೀರು ಸುರಿಯುವುದು ನಿಂತಿರುತ್ತದೆ.

ಈ ವಿಚಾರವನ್ನು ಗಣಿತಕ್ಕೆ ಇಳಿಸುವುದು ಸುಲಭವಾಗಿರಲಿಲ್ಲ. 1912ರಲ್ಲಿ ಜ್ಯೂರಿಕ್‌ನಲ್ಲಿ ಗೆಳೆಯ ಮಾರ್ಸೆಲ್ ಗ್ರಾಸ್‌ಮನ್ ನೆರವಾದರು. ಅವರಿಬ್ಬರ 1913ರ ಸಮೀಕರಣಗಳು ಬುಧ ಗ್ರಹದ ಚಲನೆಗೆ ಹೊಂದಲಿಲ್ಲ. ಐನ್‌ಸ್ಟೈನ್ ಕೊನೆಗೆ ಅವನ್ನು ಕೈಬಿಟ್ಟು ಮತ್ತೆ ಲೆಕ್ಕ ಹಾಕಿದರು. 1915ರ ನವೆಂಬರಿನಲ್ಲಿ, ಬರ್ಲಿನ್‌ನಲ್ಲಿ, ಲೆಕ್ಕ ಬುಧನ ಚಲನೆಗೆ ಸರಿಯಾಗಿ ಹೊಂದಿತು! ಇದೇ ಸಾರ್ವತ್ರಿಕ ಸಾಪೇಕ್ಷತಾ ಸಿದ್ಧಾಂತ. ಇದರಂತೆ ಭಾರವಾದ ಕಾಯಗಳು ತಮ್ಮ ಸುತ್ತಲಿನ ದೇಶ ಮತ್ತು ಕಾಲವನ್ನು ಬಾಗಿಸುತ್ತವೆ. ಗ್ರಹಗಳು ಆ ಬಾಗಿನಲ್ಲಿ ಚಲಿಸುತ್ತವೆ. ಬಾಗಿನಲ್ಲಾಗುವ ಬದಲಾವಣೆ ಬೆಳಕಿನ ವೇಗದಲ್ಲೇ ಹರಡುತ್ತದೆ.

1919ರ ಮೇ 29ರ ಸೂರ್ಯಗ್ರಹಣದಲ್ಲಿ, ಸೂರ್ಯನ ಬಳಿ ಹಾದುಬರುವ ನಕ್ಷತ್ರಗಳ ಬೆಳಕು ಬಾಗುವುದನ್ನು ಎಡಿಂಗ್ಟನ್ ಮತ್ತು ಸಂಗಡಿಗರು ಅಳೆದರು. ಐನ್‌ಸ್ಟೈನ್ 1955ರ ಏಪ್ರಿಲ್ 18ರಂದು ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ತೀರಿಕೊಂಡರು.

2017ರ ಆಗಸ್ಟ್ 17ರಂದು ಎರಡು ನ್ಯೂಟ್ರಾನ್ ನಕ್ಷತ್ರಗಳ ಡಿಕ್ಕಿಯಿಂದ ಹೊರಟ ಗುರುತ್ವ ಅಲೆಗಳು ಭೂಮಿಗೆ ಬಂದವು. ಎರಡೇ ಸೆಕೆಂಡಿನೊಳಗೆ ಗಾಮಾ ಕಿರಣಗಳೂ ಬಂದವು. ಇವೂ ಬೆಳಕಿನ ಒಂದು ಬಗೆಯೇ. ಎರಡೂ ಸುಮಾರು 13 ಕೋಟಿ ವರ್ಷ ಜೊತೆಯಾಗಿ ಸಾಗಿಬಂದಿದ್ದವು!

ಈಗ ನೀವೇ ಹೇಳಿ: ಸೂರ್ಯ ಮಾಯವಾದರೆ ಭೂಮಿ ತನ್ನ ದಾರಿ ಬಿಡುವುದು ಯಾವಾಗ?