ಅಲ್ಪ ಮತಗಳಲ್ಲಿ ಸೋತ ಕಮಲಾದೇವಿ: ಮಂಗಳೂರು ಕಂಡ 1926ರ ಚುನಾವಣೆ

ಕರಕುಶಲ ಮಳಿಗೆಗಳಲ್ಲಿ, ಕೈಮಗ್ಗದ ಸೀರೆಗಳ ಮಾತು ಬಂದಲ್ಲೆಲ್ಲ ಕಮಲಾದೇವಿ ಚಟ್ಟೋಪಾಧ್ಯಾಯ ಅವರ ಹೆಸರು ಕೇಳಿಬರುತ್ತದೆ. ಆದರೆ ಅದಕ್ಕೂ ಎಷ್ಟೋ ವರ್ಷ ಮೊದಲು, 23ರ ಹರೆಯದಲ್ಲಿ, ಪುಟ್ಟ ಮಗನ ತಾಯಿಯಾಗಿದ್ದಾಗಲೇ ಅವರು ಮದರಾಸು ಶಾಸನ ಪರಿಷತ್ತಿನ ಚುನಾವಣೆಗೆ ನಿಂತಿದ್ದರು. ದೇಶದಲ್ಲಿ ಶಾಸನ ಸಭೆಯೊಂದಕ್ಕೆ ಸ್ಪರ್ಧಿಸಿದ ಮೊದಲ ಮಹಿಳೆ ಎಂದೇ ಅವರನ್ನು ಗುರುತಿಸಲಾಗುತ್ತದೆ. ಆ ಚುನಾವಣೆಯಲ್ಲಿ ಅವರು ಸೋತರು. ಸೋತದ್ದು ಎಷ್ಟು ಕಡಿಮೆ ಅಂತರದಲ್ಲಿ ಎಂದರೆ, ಸಾಮಾನ್ಯವಾಗಿ ಉಲ್ಲೇಖವಾಗುವ ಸಂಖ್ಯೆ ಕೇವಲ 55.

ಕಮಲಾದೇವಿ ಹುಟ್ಟಿದ್ದು 1903ರ ಏಪ್ರಿಲ್ 3ರಂದು, ಮಂಗಳೂರಿನ ಸಾರಸ್ವತ ಕುಟುಂಬದಲ್ಲಿ. ತಂದೆ ಅನಂತಯ್ಯ ಧಾರೇಶ್ವರ ಸರಕಾರದ ದೊಡ್ಡ ಹುದ್ದೆಯಲ್ಲಿದ್ದವರು. ಕಮಲಾದೇವಿಗೆ ಏಳು ವರ್ಷವಾಗಿದ್ದಾಗ ಅವರು ಉಯಿಲು ಬರೆಯದೆ ತೀರಿಕೊಂಡರು. ಅಂದಿನ ಕಾನೂನಿನಂತೆ ಆಸ್ತಿಯೆಲ್ಲ ಮಲಮಗನ ಪಾಲಾಯಿತು. ಹೆಂಡತಿ ಗಿರಿಜಾಬಾಯಿಗೆ, ಮಗಳಿಗೆ ಸಿಕ್ಕಿದ್ದು ತಿಂಗಳ ಜೀವನಾಂಶದ ಭರವಸೆ ಮಾತ್ರ. ಗಿರಿಜಾಬಾಯಿ ಅದನ್ನು ಬೇಡವೆಂದು, ತವರಿನಿಂದ ಬಂದ ತಮ್ಮ ಸ್ವಂತ ಹಣದಲ್ಲೇ ಮಗಳನ್ನು ಬೆಳೆಸಿದರು. ಮುಂದೆ ಮಹಿಳೆಯರ ಹಕ್ಕಿನ ಬಗ್ಗೆ ಕಮಲಾದೇವಿ ಮಾತನಾಡಿದ್ದರ ಬೇರು ಪುಸ್ತಕಗಳಲ್ಲಿ ಅಲ್ಲ, ಈ ಮನೆಯಲ್ಲೇ ಇತ್ತು ಎನ್ನಬೇಕು.

14ನೇ ವಯಸ್ಸಿಗೆ ಮದುವೆಯಾಯಿತು. ಎರಡೇ ವರ್ಷದಲ್ಲಿ ವೈಧವ್ಯ. ಆ ಕಾಲದ ಮೇಲ್ಜಾತಿ ಮನೆಗಳಲ್ಲಿ ಬಾಲವಿಧವೆಯ ಬದುಕು ಅಲ್ಲಿಗೇ ಮುಗಿಯುತ್ತಿತ್ತು. ಗಿರಿಜಾಬಾಯಿ ಮಾತ್ರ ಮಗಳ ಓದು ನಿಲ್ಲಲು ಬಿಡಲಿಲ್ಲ. ಮದರಾಸಿನ ಕ್ವೀನ್ ಮೇರಿಸ್ ಕಾಲೇಜಿನಲ್ಲಿ ಓದುವಾಗ ಸರೋಜಿನಿ ನಾಯ್ಡು ಅವರ ತಂಗಿ ಸುಹಾಸಿನಿ ಗೆಳತಿಯಾದರು. ಅವರ ಮೂಲಕ ಕವಿ, ನಟ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯವಾಯಿತು. ವಿಧವೆಯ ಮರುಮದುವೆ, ಅದೂ ಬಂಗಾಳಿ ಯುವಕನೊಂದಿಗೆ. ಸಮಾಜದಲ್ಲಿ ದೊಡ್ಡ ಗುಲ್ಲೆದ್ದಿತು. ಇಬ್ಬರೂ ಲೆಕ್ಕಿಸಲಿಲ್ಲ. ಅವರಿಗೆ ಹುಟ್ಟಿದ ಒಬ್ಬನೇ ಮಗ ರಾಮ.

ಲಂಡನ್ನಿನಲ್ಲಿ ಸಮಾಜಶಾಸ್ತ್ರ ಓದುತ್ತಿದ್ದ ಕಮಲಾದೇವಿಯನ್ನು ಗಾಂಧೀಜಿಯ ಚಳವಳಿ ಮತ್ತೆ ದೇಶಕ್ಕೆ ಕರೆತಂದಿತು. ಹುಬ್ಬಳ್ಳಿಯ ಡಾ. ನಾ.ಸು. ಹರ್ಡೀಕರ್ ಕಟ್ಟಿದ ಸೇವಾದಳ ಸೇರಿ ಸ್ವಯಂಸೇವಕಿಯಾದರು. ಹೆಣ್ಣುಮಕ್ಕಳನ್ನು ಸೇರಿಸುವುದು, ಅವರಿಗೆ ತರಬೇತಿ ಕೊಡುವುದು, ಮನೆಯಿಂದ ಹೊರಗೆ ಬರಲು ಹೆದರುವವರ ಮನೆಯವರನ್ನು ಒಪ್ಪಿಸುವುದು ಇವೇ ಅವರ ಕೆಲಸ.

ಅಷ್ಟರಲ್ಲಿ ಕಾನೂನಿನಲ್ಲೊಂದು ಬಾಗಿಲು ಅರೆತೆರೆದಿತ್ತು. 1919ರ ಸುಧಾರಣಾ ಕಾಯ್ದೆ ಮಹಿಳೆಯರಿಗೆ ಮತದಾನದ ಹಕ್ಕು ಕೊಡಬೇಕೋ ಬೇಡವೋ ಎಂಬುದನ್ನು ಆಯಾ ಪ್ರಾಂತ್ಯಗಳಿಗೇ ಬಿಟ್ಟಿತ್ತು. ಎಲ್ಲರಿಗಿಂತ ಮೊದಲು, 1921ರಲ್ಲಿ, ಒಪ್ಪಿದ್ದು ಮದರಾಸು. ಆದರೆ ಮತ ಹಾಕಬಹುದಾದ ಹೆಣ್ಣು ಅಭ್ಯರ್ಥಿಯಾಗುವಂತಿರಲಿಲ್ಲ. ಆ ಅಡ್ಡಿ ಸರಿದದ್ದು 1926ರಲ್ಲಿ, ಚುನಾವಣೆ ಬಾಗಿಲಿಗೆ ಬಂದು ನಿಂತಿದ್ದಾಗ.

ಐರ್ಲೆಂಡಿನಿಂದ ಬಂದು ಮದರಾಸಿನಲ್ಲಿ ಮಹಿಳಾ ಮತಾಧಿಕಾರಕ್ಕಾಗಿ ದುಡಿಯುತ್ತಿದ್ದ ಮಾರ್ಗರೆಟ್ ಕಸಿನ್ಸ್ ಈ ಅವಕಾಶ ಕೈತಪ್ಪಬಾರದೆಂದು ಹಟ ಹಿಡಿದರು. ಹಕ್ಕು ಸಿಕ್ಕಿಯೂ ಯಾರೂ ನಿಲ್ಲದಿದ್ದರೆ, ಹೆಂಗಸರಿಗೆ ಇದು ಬೇಕಾಗಿಯೇ ಇರಲಿಲ್ಲ ಎಂದು ವಿರೋಧಿಗಳು ಆಡಿಕೊಳ್ಳುತ್ತಿದ್ದರು. ಅವರ ಕಣ್ಣು ಬಿದ್ದದ್ದು ಕಮಲಾದೇವಿಯ ಮೇಲೆ. ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತ್ಯದ ಜಿಲ್ಲೆ. ಹೀಗಾಗಿ ಹುಟ್ಟೂರಿನಲ್ಲೇ ಸ್ಪರ್ಧೆ. ಯಾವ ಪಕ್ಷದ ಟಿಕೆಟೂ ಇಲ್ಲ. ತಯಾರಿಗೆ ಸಮಯವೂ ಇಲ್ಲ.

ಪ್ರಚಾರದ ತಂಡ ವಿಚಿತ್ರವಾಗಿತ್ತು. ಒಬ್ಬ ಐರಿಷ್ ಮಹಿಳೆ, ಮನೆ ಮನೆಗೆ ಹೋಗುವ ಸ್ವಯಂಸೇವಕಿಯರು, ಹಾಡು ನಾಟಕಗಳಿಂದ ಜನ ಸೇರಿಸುವ ಗಂಡ. ಜನ ಸೇರಿದರೂ ಮತ ಹಾಕಬಲ್ಲವರು ಕೆಲವರೇ. ಆಗ ಮತದಾನಕ್ಕೆ ಆಸ್ತಿ, ತೆರಿಗೆಯ ಅರ್ಹತೆ ಬೇಕಿತ್ತು. ಗಂಡನ ಅಥವಾ ಅಣ್ಣತಮ್ಮಂದಿರ ಆಸ್ತಿಯಲ್ಲಿ ಬದುಕುವ ಹೆಣ್ಣಿನ ಹೆಸರು ಪಟ್ಟಿಗೆ ಬರುವುದಾದರೂ ಹೇಗೆ? ಹೆಣ್ಣಿನ ಕಡೆಯಿಂದಲೇ ಆಸ್ತಿ ಇಳಿದುಬರುವ ಅಳಿಯಸಂತಾನ ಪದ್ಧತಿ ಕರಾವಳಿಯಲ್ಲಿತ್ತು, ನಿಜ. ಆದರೆ ಗಿರಿಜಾಬಾಯಿಯಂಥವರ ಮನೆಗಳಿಗೆ ಅದು ಅನ್ವಯಿಸುತ್ತಿರಲಿಲ್ಲ. ತಾಯಿಯನ್ನು ಬರಿಗೈಯಲ್ಲಿ ಕೂರಿಸಿದ್ದ ಆಸ್ತಿಯ ನಿಯಮವೇ ಈಗ ಮಗಳಿಗೆ ಮತ ಹಾಕಬಹುದಾಗಿದ್ದ ಹೆಂಗಸರನ್ನೂ ಹೊರಗಿಟ್ಟಿತ್ತು. ಗೆಲುವು ಸೋಲು ಗಂಡಸರ ಕೈಯಲ್ಲಿತ್ತು. ಹಾಗಿದ್ದೂ ಅಷ್ಟೊಂದು ಗಂಡಸರು ಅವರಿಗೆ ಮತ ಹಾಕಿದ್ದೇ ಈ ಚುನಾವಣೆಯ ನಿಜವಾದ ಸುದ್ದಿ.

ಅದೇ ವರ್ಷ ಬ್ರಿಟನ್ನಿನಲ್ಲಿ 30 ವರ್ಷ ದಾಟದ ಮಹಿಳೆಗೆ ಮತದ ಹಕ್ಕೇ ಇರಲಿಲ್ಲ, ಅದು ಬಂದದ್ದು 1928ರಲ್ಲಿ. ಕಮಲಾದೇವಿ ಲಂಡನ್ನಿನವರಾಗಿದ್ದರೆ ಆ ವಯಸ್ಸಿಗೆ ಮತಗಟ್ಟೆಯೊಳಗೂ ಹೋಗುವಂತಿರಲಿಲ್ಲ.

ಸೋಲಿನಿಂದ ಬಾಗಿಲು ಮುಚ್ಚಲಿಲ್ಲ. ಸ್ವಲ್ಪ ಸಮಯದಲ್ಲೇ ಡಾ. ಮುತ್ತುಲಕ್ಷ್ಮಿ ರೆಡ್ಡಿ ನಾಮಕರಣಗೊಂಡು ಅದೇ ಪರಿಷತ್ತಿಗೆ ಬಂದರು, ಅದರ ಉಪಾಧ್ಯಕ್ಷೆಯೂ ಆದರು. ಕಮಲಾದೇವಿ 1927ರ ಆರಂಭದಲ್ಲಿ ಪುಣೆಯಲ್ಲಿ ಸೇರಿದ ಅಖಿಲ ಭಾರತ ಮಹಿಳಾ ಸಮ್ಮೇಳನದ ಸಂಘಟನೆಗೆ ಇಳಿದರು. ದೆಹಲಿಯ ಲೇಡಿ ಇರ್ವಿನ್ ಕಾಲೇಜು ಈ ಸಮ್ಮೇಳನದ ಫಲ.

1930ರ ಉಪ್ಪಿನ ಸತ್ಯಾಗ್ರಹದಲ್ಲಿ ಗಾಂಧೀಜಿ ಮಹಿಳೆಯರಿಗೆ ಮೀಸಲಿಟ್ಟದ್ದು ಹೆಂಡದಂಗಡಿ, ವಿದೇಶಿ ಬಟ್ಟೆಯಂಗಡಿಗಳ ಮುಂದಿನ ಪಿಕೆಟಿಂಗ್. ಕಮಲಾದೇವಿ ಅವರನ್ನೇ ಹೋಗಿ ಕಂಡು, ಉಪ್ಪು ಮಾಡಲು ಹೆಂಗಸರಿಗೂ ಅವಕಾಶ ಬೇಕೆಂದು ವಾದಿಸಿ ಒಪ್ಪಿಸಿದರು. ಮುಂಬೈಯ ಚೌಪಾಟಿಯಲ್ಲಿ ಅವಂತಿಕಾಬಾಯಿ ಗೋಖಲೆಯವರೊಂದಿಗೆ ಉಪ್ಪು ತಯಾರಿಸಿದರು. ಶೇರು ಪೇಟೆಯೊಳಗೆ ಪೊಟ್ಟಣ ಮಾರಿದರು, ಹೈಕೋರ್ಟಿಗೂ ಒಯ್ದರು. ಜೈಲು ಸೇರಿದರು. ಆಗ ರಾಮ ಇನ್ನೂ ಸಣ್ಣ ಹುಡುಗ. ತಾಯಿ ಮಗು ಹೀಗೆ ದೂರವಾಗುವುದು ಮುಂದಿನ ವರ್ಷಗಳಲ್ಲಿ ಮತ್ತೆ ಮತ್ತೆ ನಡೆಯಿತು. ಅವರ ಸಾಹಸಗಳನ್ನು ಹೊಗಳುವವರು ಈ ಬೆಲೆಯನ್ನು ಲೆಕ್ಕಕ್ಕೆ ಹಿಡಿಯುವುದು ಕಡಿಮೆ.

ಹರೀಂದ್ರನಾಥರೊಂದಿಗಿನ ದಾಂಪತ್ಯವೂ ಉಳಿಯಲಿಲ್ಲ. ವಿಚ್ಛೇದನ ಕೇಳಿ ನ್ಯಾಯಾಲಯಕ್ಕೆ ಹೋದದ್ದು ಕಮಲಾದೇವಿಯೇ. ವಿಚಿತ್ರವೆಂದರೆ, 1926ರಲ್ಲಿ ಹೆಂಡತಿಗಾಗಿ ಹಾಡಿ ಜನ ಸೇರಿಸಿದ್ದ ಹರೀಂದ್ರನಾಥರು ಸ್ವತಂತ್ರ ಭಾರತದ ಮೊದಲ ಲೋಕಸಭೆಗೆ ವಿಜಯವಾಡದಿಂದ ಗೆದ್ದುಬಂದರು.

ಸ್ವಾತಂತ್ರ್ಯದ ಹೊತ್ತಿಗೆ ಕಮಲಾದೇವಿ ಅಧಿಕಾರ ರಾಜಕೀಯದಿಂದ ದೂರ ಸರಿದಿದ್ದರು. ಸ್ವಯಂಸೇವಕಿಯ ಹಳೆಯ ಕೆಲಸ ಮಾತ್ರ ಬಿಡಲಿಲ್ಲ. ವಿಭಜನೆಯ ಬಳಿಕ ವಾಯವ್ಯ ಗಡಿಪ್ರಾಂತ್ಯದಿಂದ ಬಂದ ಸುಮಾರು 50 ಸಾವಿರ ನಿರಾಶ್ರಿತರಿಗಾಗಿ ಸಹಕಾರ ತತ್ವದಲ್ಲಿ ಫರೀದಾಬಾದ್ ಊರು ಎದ್ದದ್ದು ಅವರ ಇಂಡಿಯನ್ ಕೋಆಪರೇಟಿವ್ ಯೂನಿಯನ್ ದುಡಿಮೆಯಿಂದ. 1952ರಿಂದ ಅಖಿಲ ಭಾರತ ಕರಕುಶಲ ಮಂಡಳಿ, ಹಳ್ಳಿ ಹಳ್ಳಿಯ ನೇಕಾರರು, ಕುಂಬಾರರ ಹುಡುಕಾಟ, 1966ರಲ್ಲಿ ಮ್ಯಾಗ್ಸೆಸೆ, 1987ರಲ್ಲಿ ಪದ್ಮವಿಭೂಷಣ. ಈ ಭಾಗ ಎಲ್ಲರಿಗೂ ಗೊತ್ತಿರುವಂಥದ್ದು.

1988ರ ಅಕ್ಟೋಬರ್ 29ರಂದು, ಹಿಂದೊಮ್ಮೆ ಉಪ್ಪು ಮಾರಿದ್ದ ಮುಂಬೈಯಲ್ಲೇ, 85ನೇ ವಯಸ್ಸಿನಲ್ಲಿ ಅವರು ಕೊನೆಯುಸಿರೆಳೆದರು.