ಆಟದ ಯುದ್ಧಕ್ಕೆ ನಿಯಮ ಬರೆದ ವೆಲ್ಸ್

'ದಿ ಟೈಮ್ ಮಷೀನ್' (1895) ಕಾದಂಬರಿಯಿಂದ ಖ್ಯಾತರಾದ ಎಚ್.ಜಿ. ವೆಲ್ಸ್ 1866ರಲ್ಲಿ ಇಂಗ್ಲೆಂಡಿನ ಬ್ರಾಮ್ಲಿಯಲ್ಲಿ ಜನಿಸಿದರು. ಬಟ್ಟೆ ಅಂಗಡಿಯ ಕೆಲಸಗಾರನಾಗಿ, ಶಿಕ್ಷಕನಾಗಿ ದುಡಿದು ಸಾಹಿತ್ಯಕ್ಕೆ ಬಂದ ಅವರಿಗೆ ಸೀಸದ ಸೈನಿಕರ ಆಟವೆಂದರೆ ಪಂಚಪ್ರಾಣ.

ಸ್ಯಾಂಡ್‌ಗೇಟ್‌ನ ಮನೆಯಲ್ಲಿ ಆಟಿಕೆ ಫಿರಂಗಿಯಿಂದ ಸೈನಿಕರನ್ನು ಉರುಳಿಸುವ ಮೋಜಾಗಿ ಆರಂಭವಾದದ್ದು ಕ್ರಮೇಣ ಶಾಸ್ತ್ರವೇ ಆಯಿತು. ಒಂದು ಸರದಿಗೆ ಕಾಲಾಳು 1 ಅಡಿ, ಕುದುರೆ ಸವಾರ 2 ಅಡಿ ಸಾಗಬಹುದು. ಬಳಿಯಲ್ಲಿ ನಾಲ್ವರಿಲ್ಲದೆ ಫಿರಂಗಿ ಹಾರಿಸುವಂತಿಲ್ಲ. ಆಟಗಾರರು ಯೋಚಿಸುತ್ತ ಕಾಲಹರಣ ಮಾಡತೊಡಗಿದಾಗ ಸಮಯದ ಮಿತಿ ಬಂದಿತು. ಕೈಕೈ ಕಾಳಗವನ್ನು ಮೊದಲು ನಾಣ್ಯ ಚಿಮ್ಮಿ ತೀರ್ಮಾನಿಸುತ್ತಿದ್ದರು. ಅದೃಷ್ಟವೇ ದಂಡನಾಯಕನಾಗುವುದನ್ನು ಕಂಡು ಅದನ್ನು ಕೈಬಿಟ್ಟು, ಇಬ್ಬಣದಲ್ಲೂ ಸಮಸಂಖ್ಯೆಯ ಸೈನಿಕರು ಮಡಿಯುವ ಲೆಕ್ಕ ತಂದರು. ಆಡಿ ನೋಡಿ ತಿದ್ದುವ ಈ ತಾಳ್ಮೆ ಕಾದಂಬರಿಕಾರರಲ್ಲಿ ಅಪರೂಪವೇ ಸರಿ.

ನಿಯಮಗಳು 1913ರಲ್ಲಿ 'ಲಿಟಲ್ ವಾರ್ಸ್' ಪುಸ್ತಕವಾದವು. ನಿಜವಾದ ಯುದ್ಧಕ್ಕಿಂತ ಆಟಿಕೆಯ ಯುದ್ಧವೇ ಲೇಸೆಂದು ಅದರಲ್ಲಿ ವಾದಿಸಿದ ವೆಲ್ಸ್, ಮರುವರ್ಷ ಸಿಡಿದ ಮಹಾಯುದ್ಧದಲ್ಲಿ ಬ್ರಿಟನ್ನಿನ ಹೋರಾಟವನ್ನು ಬೆಂಬಲಿಸಿದ್ದು ವಿಪರ್ಯಾಸ.

ಅವರು 1946ರಲ್ಲಿ ನಿಧನರಾದರು. ಮೇಜಿನ ಸುತ್ತ ಕುಳಿತು ಮಾಂತ್ರಿಕರ, ವೀರರ ಪಾತ್ರ ವಹಿಸಿ ಆಡುವ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಟ 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಅದನ್ನು ಡೇವ್ ಆರ್ನೆಸನ್ ಜೊತೆಗೂಡಿ ರೂಪಿಸಿದ ಗ್ಯಾರಿ ಗೈಗ್ಯಾಕ್ಸ್, 'ಲಿಟಲ್ ವಾರ್ಸ್'ನ 2004ರ ಆವೃತ್ತಿಗೆ ಮುನ್ನುಡಿ ಬರೆದರು.