ನರಸಿಂಹರಾಜು ಅವರ ಅತಿ ಕೆಟ್ಟ ಸಿನಿಮಾ ಯಾವುದು?

ವಿಜಯಪುರದ ಅಥಣಿ ರಸ್ತೆಯ ಚಾ ಅಂಗಡಿಗಳ ಮುಂದೆ ಸಂಜೆ ಹೊತ್ತು ಎರಡೇ ವಿಷಯ ನಡೀತಾವು. ಒಂದು, ಟಿಕೋಟಾ ಕಡೆಯ ಒಣದ್ರಾಕ್ಷಿ ರೇಟು. ಇನ್ನೊಂದು, ಮೊಬೈಲಿನಲ್ಲಿ ಬಂದ ರೀಲ್ಸ್. ಕೆಲವು ದಿನಗಳ ಹಿಂದೆ ಅಲ್ಲೇ ಕುಂತಾಗ ನಮ್ಮ ಗುಂಪಿನ ಹುಡುಗನೊಬ್ಬ ಕಪ್ಪು-ಬಿಳುಪು ಸಿನಿಮಾದ ತುಣುಕೊಂದನ್ನು ತೋರಿಸಿದ. ಕಡ್ಡಿಯಂಥ ಮೈ, ಮುಂದೆ ಬಂದ ಹಲ್ಲು, ಬಾಯಿ ತೆರೆಯುವ ಮೊದಲೇ ನಗು ತರಿಸುವ ಮುಖ. ಅದು ಯಾರು ಅಂತ ಹುಡುಗನಿಗೆ ಗೊತ್ತಿರಲಿಲ್ಲ. ಆದರೂ ಹೊಟ್ಟೆ ಹಿಡಿದು ನಕ್ಕ.

ಮುಂದಿನ ತುಣುಕಿನಲ್ಲೂ ಅದೇ ನಟ. ದಪ್ಪಗಿರುವ ಹೆಂಡತಿಯನ್ನು ಗೇಲಿ ಮಾಡುವ ದೃಶ್ಯ. ಹುಡುಗ ಮುಖ ಸಿಂಡರಿಸಿದ. ಈ ಮನುಷ್ಯ ಇಂಥ ಕೆಟ್ಟ ಸಿನಿಮಾ ಎಷ್ಟು ಮಾಡ್ಯಾನ, ಒಂದು ರ‍್ಯಾಂಕಿಂಗ್ ಬರೀರಿ ಅಣ್ಣಾ ಅಂದ. ಟಾಪ್ ಟೆನ್ ಪಟ್ಟಿ ಚೆನ್ನಾಗಿ ಓಡುತ್ತದೆ ಅನ್ನೋದು ಅವನ ಲೆಕ್ಕ.

ಬರೆಯೋಣ ಅಂತ ಕುಂತೆ. ಇಂಜಿನಿಯರಿಂಗ್ ಓದಿದವನ ಚಟ, ಮೊದಲು ಎಕ್ಸೆಲ್ ಶೀಟ್ ತೆರೆದೆ. ಅರ್ಧ ತುಂಬುವಷ್ಟರಲ್ಲಿ ಗೊತ್ತಾಯಿತು: ನಾನು ಅಳೆಯುತ್ತಿರುವುದು ಒಬ್ಬ ನಟನ ಸೋಲನ್ನಲ್ಲ, ಒಂದು ಉದ್ಯಮ ತನ್ನ ಕೆಲಸಗಾರನನ್ನು ಹೇಗೆ ಬಳಸಿಕೊಂಡಿತು ಅನ್ನೋದನ್ನ.

ನಾಲ್ಕನೇ ವಯಸ್ಸಿಗೆ ಕೆಲಸಕ್ಕೆ

ಹಾಸ್ಯ ಚಕ್ರವರ್ತಿ ಅಂತಲೇ ಕರೆಸಿಕೊಂಡ ಟಿ.ಆರ್. ನರಸಿಂಹರಾಜು ಹುಟ್ಟಿದ್ದು 1923ರ ಜುಲೈ 24ರಂದು, ತುಮಕೂರು ಜಿಲ್ಲೆಯ ತಿಪಟೂರಿನಲ್ಲಿ. ನಾಲ್ಕನೇ ವಯಸ್ಸಿಗೇ ಸಿ.ಬಿ. ಮಲ್ಲಪ್ಪನವರ ನಾಟಕ ಕಂಪನಿ ಸೇರಿದರು. ಪ್ರಹ್ಲಾದ, ಲೋಹಿತಾಶ್ವನಂಥ ಬಾಲಪಾತ್ರಗಳೇ ಅವರ ಶಾಲೆ. ಇವತ್ತಿನ ಭಾಷೆಯಲ್ಲಿ ಹೇಳಿದರೆ ಬಾಲ ಕಾರ್ಮಿಕ. ಕಂಪನಿ ನಾಟಕದ ಸುವರ್ಣಯುಗದ ಬಗ್ಗೆ ನಾವು ಹೆಮ್ಮೆಯಿಂದ ಮಾತಾಡುವಾಗ ಈ ಸಂಗತಿಯನ್ನು ಮೆಲ್ಲಗೆ ದಾಟಿ ಹೋಗ್ತೀವಿ.

ಕಂಪನಿ ನಾಟಕ ಅಂದರೇನು ಅಂತ ವಿಜಯಪುರ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಂದಿಗೂ ಬಾದಾಮಿಯ ಬನಶಂಕರಿ ಜಾತ್ರೆಗೆ ಕಂಪನಿಗಳು ಟೆಂಟ್ ಹಾಕುತ್ತವೆ. ಅಲ್ಲಿ ಹಾಸ್ಯಗಾರ ಅಂದರೆ ಗಲ್ಲಾಪೆಟ್ಟಿಗೆ. ಹೀರೋ ಮಾತು ಮರೆತರೆ, ಪರದೆ ಸಿಕ್ಕಿಕೊಂಡರೆ, ಜನ ಶಿಳ್ಳೆ ಹೊಡೆಯಲು ಶುರು ಮಾಡಿದರೆ ಅವನನ್ನೇ ವೇದಿಕೆಗೆ ನೂಕುತ್ತಾರೆ. ಅವನು ಸಂಭಾಳಿಸಬೇಕು. ನರಸಿಂಹರಾಜು ಬೆಳೆದದ್ದು ಇಂಥ ಕಡೆ. ಹಲವು ಕಂಪನಿ ಸುತ್ತಿದರು. ಹಿರಣ್ಣಯ್ಯನವರ ಮಂಡಳಿಯಲ್ಲೂ ಇದ್ದರು. ಕೊನೆಗೆ ಸೇರಿದ್ದು ಗುಬ್ಬಿ ವೀರಣ್ಣನವರ ಕಂಪನಿಗೆ. ವೀರಣ್ಣ ಸ್ವತಃ ದೊಡ್ಡ ಹಾಸ್ಯನಟ. ಅಂಥವರ ಮುಂದೆ ಹಾಸ್ಯಪಾತ್ರ ಮಾಡಿ ಗೆಲ್ಲುವುದು ಸಣ್ಣ ಮಾತಾಗಿರಲಿಲ್ಲ.

1954ರಲ್ಲಿ ಎಚ್.ಎಲ್.ಎನ್. ಸಿಂಹ ನಿರ್ದೇಶನದ ‘ಬೇಡರ ಕಣ್ಣಪ್ಪ’ ಬಂತು. ರಾಜ್‌ಕುಮಾರ್ ನಾಯಕನಾದ ಮೊದಲ ಸಿನಿಮಾ ಅಂತ ಎಲ್ಲರಿಗೂ ಗೊತ್ತು. ನರಸಿಂಹರಾಜು ತೆರೆಗೆ ಬಂದದ್ದೂ ಅದರಲ್ಲೇ, ಅರ್ಚಕನ ಮಗ ಕಾಶಿಯಾಗಿ. ಒಂದು ಕಡೆ ಬೇಡನೊಬ್ಬನ ಭಕ್ತಿ, ಇನ್ನೊಂದು ಕಡೆ ಅರ್ಚಕರ ಮನೆಯ ಡಂಭ. ಆ ಡಂಭದ ಬಣ್ಣ ಕಳಚುವ ಕೆಲಸದಲ್ಲಿ ಹಾಸ್ಯದ್ದೂ ಪಾಲಿತ್ತು. ಅಂದರೆ ಅವರ ಸಿನಿಮಾ ಬದುಕು ಶುರುವಾದದ್ದೇ ಮೇಲಿನವರನ್ನು ನೋಡಿ ನಗುವ ಹಾಸ್ಯದಿಂದ. ಇದನ್ನು ನೆನಪಿಡಿ, ಪಟ್ಟಿ ಮಾಡುವಾಗ ಬೇಕಾಗುತ್ತದೆ.

ಐದು ವಾರಕ್ಕೊಂದು ಸಿನಿಮಾ

ಈಗ ಲೆಕ್ಕ. 1954ರಿಂದ 1979ರವರೆಗೆ 25 ವರ್ಷ. ಅವರು ನಟಿಸಿದ್ದು 250ಕ್ಕೂ ಹೆಚ್ಚು ಸಿನಿಮಾ. ಭಾಗಿಸಿ ನೋಡಿದರೆ ಸರಾಸರಿ ಐದು ವಾರಕ್ಕೊಂದು. 1960ರ ದಶಕದ ಮೊದಲಾರ್ಧದಲ್ಲಿ ಕನ್ನಡದಲ್ಲಿ ವರ್ಷಕ್ಕೆ ಬರುತ್ತಿದ್ದದ್ದೇ ಇಪ್ಪತ್ತರ ಆಸುಪಾಸು ಸಿನಿಮಾ. ಅದರಲ್ಲಿ ದೊಡ್ಡ ಪಾಲಿನಲ್ಲಿ ಇವರಿದ್ದರು. ನಿರ್ಮಾಪಕರು ಮೊದಲು ನರಸಿಂಹರಾಜು ಕಾಲ್‌ಶೀಟ್ ಕೇಳಿ, ಆಮೇಲೆ ನಾಯಕನ ಮನೆಗೆ ಹೋಗುತ್ತಿದ್ದರು ಅನ್ನುವ ಮಾತು ಗಾಂಧಿನಗರದಲ್ಲಿ ಇಂದಿಗೂ ಓಡಾಡುತ್ತದೆ. ಮಾತು ಉತ್ಪ್ರೇಕ್ಷೆಯೇ ಇರಲಿ, ಅಂಥ ಮಾತು ಹುಟ್ಟಿದ್ದೇ ಅವರ ಬೇಡಿಕೆಗೆ ಸಾಕ್ಷಿ.

ಐದು ವಾರಕ್ಕೊಂದು ಸಿನಿಮಾ ಮಾಡುವವನ ಎಲ್ಲ ಸಿನಿಮಾಗಳೂ ಚೆನ್ನಾಗಿರಲು ಸಾಧ್ಯವೇ? ಇಲ್ಲ. ಹಾಗಾಗಿ ಕೆಟ್ಟವು ಇದ್ದೇ ಇವೆ. ಒಂದೊಂದರ ಹೆಸರು ಹಿಡಿದು ಬೈಯುವ ಬದಲು ಕೆಟ್ಟತನವನ್ನೇ ವಿಂಗಡಿಸಿ ರ‍್ಯಾಂಕ್ ಕೊಡುವುದು ನ್ಯಾಯ ಅನ್ನಿಸಿತು. ಕೆಳಗಿನಿಂದ ಮೇಲಕ್ಕೆ ಹೋಗೋಣ.

5. ತರಾತುರಿಯ ಸಿನಿಮಾಗಳು

ಇವು ಕ್ಷಮಿಸಬಹುದಾದ ಕೆಟ್ಟವು. ಆಗ ಕನ್ನಡ ಸಿನಿಮಾ ತಯಾರಾಗುತ್ತಿದ್ದದ್ದು ಹೆಚ್ಚಾಗಿ ಮದ್ರಾಸಿನಲ್ಲಿ, ಬೇರೆಯವರ ಸ್ಟುಡಿಯೋಗಳಲ್ಲಿ, ಬಾಡಿಗೆಯ ಫ್ಲೋರಿನಲ್ಲಿ. ದುಡ್ಡು ಕಮ್ಮಿ, ಸಮಯ ಕಮ್ಮಿ, ಮಾರುಕಟ್ಟೆ ಸಣ್ಣದು. ಒಂದೇ ಥರದ ಪುರಾಣ, ಒಂದೇ ಥರದ ದರ್ಬಾರು. ಇಂಥ ಸಿನಿಮಾಗಳಲ್ಲಿ ಉಳಿದದ್ದೆಲ್ಲ ಮಂಕಾಗಿರುವಾಗ ನರಸಿಂಹರಾಜು ಬಂದ ಎರಡು ನಿಮಿಷ ಮಾತ್ರ ಜೀವ ಬರುತ್ತದೆ. ಸಿನಿಮಾ ಸೋತಿದೆ, ನಟ ಸೋತಿಲ್ಲ.

4. ಹಾಸ್ಯವನ್ನು ಅಂಟಿಸಿದ ಸಿನಿಮಾಗಳು

ಕಥೆ ಒಂದು ಕಡೆ ನಡೆಯುತ್ತಿರುತ್ತದೆ. ನಾಯಕಿ ಅಳುತ್ತಾಳೆ. ಥಟ್ಟನೆ ಕಟ್ ಆಗಿ ಬೇರೆ ಮನೆ, ಬೇರೆ ಜೋಡಿ, ಬೇರೆ ಜಗಳ. ಈ ಹಾಸ್ಯದ ಭಾಗವನ್ನು ಕತ್ತರಿಸಿ ಇನ್ನೊಂದು ಸಿನಿಮಾಕ್ಕೆ ಹಾಕಿದರೂ ಯಾರಿಗೂ ತಿಳಿಯುವುದಿಲ್ಲ. ಹಾಸ್ಯನಟ ಇಲ್ಲಿ ಕಥೆಯ ಮನುಷ್ಯನಲ್ಲ, ಊಟದ ನಡುವಿನ ಉಪ್ಪಿನಕಾಯಿ.

ಹಾಸ್ಯ ಕಥೆಯೊಳಗೇ ಬೆರೆತಾಗ ಏನಾಗುತ್ತದೆ ಅಂತ ನೋಡಬೇಕಾದರೆ 1965ರ ‘ಸತ್ಯ ಹರಿಶ್ಚಂದ್ರ’ ನೋಡಿ. ಅದರ ಬಣ್ಣದ ಆವೃತ್ತಿ 2008ರಲ್ಲಿ ಮತ್ತೆ ಬಿಡುಗಡೆಯಾಯಿತು. ಅದರಲ್ಲಿ ನರಸಿಂಹರಾಜು ನಕ್ಷತ್ರಿಕ. ವಿಶ್ವಾಮಿತ್ರನ ಸಾಲ ವಸೂಲಿಗೆ ಹರಿಶ್ಚಂದ್ರನ ಬೆನ್ನು ಹತ್ತಿ ಹೋಗುವವನು. ರಾಜ್ಯ ಕಳೆದುಕೊಂಡವನನ್ನು ದಾರಿಯುದ್ದಕ್ಕೂ ಪೀಡಿಸುವ ಪಾತ್ರ. ನಗು ಬರುತ್ತದೆ, ಜತೆಗೆ ಮೈ ಉರಿಯುತ್ತದೆ. ಕಿರುಸಾಲದ ಕಂತು ತಪ್ಪಿದಾಗ ಮನೆ ಬಾಗಿಲಿಗೆ ಬಂದು ಕುಂದ್ರುವ ವಸೂಲಿ ಏಜೆಂಟನನ್ನು ಕಂಡ ನಮ್ಮ ಹಳ್ಳಿಗಳ ಹೆಣ್ಮಕ್ಕಳಿಗೆ ಆ ಪಾತ್ರ ತಕ್ಷಣ ಗುರುತು ಹತ್ತುತ್ತದೆ. ಇಂಥ ನಟನನ್ನು ಬೇರೆ ಕಡೆ ಉಪ್ಪಿನಕಾಯಿ ಮಾಡಿದ್ದು ದಂಡ.

3. ಹಲ್ಲು, ಮೈಕಟ್ಟು ಬಿಟ್ಟು ಬೇರೇನೂ ಇಲ್ಲದ ಸಿನಿಮಾಗಳು

ನರಸಿಂಹರಾಜು ತಮ್ಮ ಹಲ್ಲು, ತಮ್ಮ ಸಣಕಲು ಮೈಯನ್ನು ತಾವೇ ಬಂಡವಾಳ ಮಾಡಿಕೊಂಡವರು. ಅದರಲ್ಲಿ ತಪ್ಪೇನಿಲ್ಲ, ತಮಾಷೆಯ ಹಿಡಿತ ಅವರ ಕೈಯಲ್ಲೇ ಇತ್ತು. ತೊಂದರೆ ಬಂದದ್ದು ಬರಹಗಾರರು ಸೋಮಾರಿಗಳಾದಾಗ. ಸಂಭಾಷಣೆ ಬರೆಯಲು ಬೇಸರವಾದರೆ ಹಲ್ಲಿನ ಮೇಲೊಂದು ಜೋಕು. ದೃಶ್ಯ ಮುಗಿಯದಿದ್ದರೆ ಕಪಾಳಕ್ಕೊಂದು ಏಟು. ಬೇರೆಯವರು ಬರೆದು ಕೊಟ್ಟ ಅವಮಾನವನ್ನು ನಗುನಗುತ್ತಾ ಹೊರುವುದು ಕೆಲಸವಾಗಿಬಿಟ್ಟಿತು. ಕಪ್ಪು ಬಣ್ಣದ, ಕುಳ್ಳಗಿನ, ತೊದಲುವ ಮಕ್ಕಳಿಗೆ ಶಾಲೆಯಲ್ಲಿ ಸಿನಿಮಾ ಹೆಸರುಗಳು ಅಂಟಿಕೊಂಡದ್ದು ಇಂಥ ದೃಶ್ಯಗಳಿಂದಲೇ.

ಅದೇ ಕಾಲದ ಟಿ.ಎನ್. ಬಾಲಕೃಷ್ಣ ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಆದರೂ ಇವರಿಬ್ಬರು ಎದುರುಬದುರು ನಿಂತರೆ ಮಾತಿನ ವರಸೆ ಒಂದು ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ. ಕಣ್ಣಲ್ಲೇ ತಾಳ ಹಿಡಿಯುವ ಇಂಥ ಕಸುಬು ಗೊತ್ತಿದ್ದವರಿಗೆ ಹಲ್ಲಿನ ಜೋಕು ಯಾಕೆ ಬೇಕಿತ್ತು?

2. ಹೆಣ್ಣನ್ನು ಗುರಿ ಮಾಡಿದ ಸಿನಿಮಾಗಳು

ಅಥಣಿ ರಸ್ತೆಯ ಹುಡುಗ ಮುಖ ಸಿಂಡರಿಸಿದ್ದು ಇದಕ್ಕೇ. ಜೋರು ಹೆಂಡತಿ, ದಪ್ಪ ಹೆಂಡತಿ, ಬಾಯಿಬಡುಕಿ ಅತ್ತೆ: ಆ ಕಾಲದ ಹಾಸ್ಯ ಟ್ರ್ಯಾಕ್‌ಗಳಲ್ಲಿ ಹೆಂಗಸಿನ ಪಾಲಿಗೆ ಬಂದದ್ದು ಇಷ್ಟೇ. ಎಂ.ಎನ್. ಲಕ್ಷ್ಮೀದೇವಿ, ಬಿ. ಜಯಾ, ರಮಾದೇವಿಯಂಥ ಗಟ್ಟಿ ಕಲಾವಿದೆಯರು ಹಾಸ್ಯದಲ್ಲಿ ಗಂಡಸರಿಗೆ ಸರಿಸಮವಾಗಿ ನಿಂತವರು. ಅವರಿಗೆ ಸಿಕ್ಕ ಬರವಣಿಗೆ ಮಾತ್ರ ಸರಿಸಮ ಇರಲಿಲ್ಲ. ನರಸಿಂಹರಾಜು ಬಗ್ಗೆ ಬರೆಯುವವರು ಈ ವಿಷಯ ಬಂದಾಗ ಕಾಲ ಹಾಗಿತ್ತು ಅಂತ ತೇಲಿಸಿಬಿಡುತ್ತಾರೆ. ನಾನು ಒಪ್ಪಲ್ಲ. ಅದೇ ಕಾಲದಲ್ಲಿ ಅರ್ಚಕನ ಡಂಭವನ್ನು ನೋಡಿ ನಗುವುದೂ ಸಾಧ್ಯವಿತ್ತಲ್ಲ? ಮೇಲಿನವರನ್ನು ನೋಡಿ ನಗಲು ಧೈರ್ಯ ಬೇಕು, ಕೆಳಗಿರುವವರನ್ನು ನೋಡಿ ನಗಲು ಏನೂ ಬೇಡ. ಈ ಸಿನಿಮಾಗಳಲ್ಲಿ ಅವರ ಪಾಲೂ ಇದೆ. ಪ್ರೀತಿ ಇದೆ ಅಂತ ಅದನ್ನು ಮುಚ್ಚಿಡಬೇಕಾಗಿಲ್ಲ.

ನಡುವೆ ಒಂದು ಒಳ್ಳೆಯ ಸುದ್ದಿ

ಮೊದಲ ಸ್ಥಾನಕ್ಕೆ ಹೋಗುವ ಮುನ್ನ ಇದನ್ನು ಹೇಳಲೇಬೇಕು. 1950ರ ದಶಕದ ಕೊನೆಯಲ್ಲಿ ಕನ್ನಡದ ಕಲಾವಿದರಿಗೆ ಕೈತುಂಬ ಕೆಲಸವಿರಲಿಲ್ಲ. ಆಗ ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್ ಸೇರಿ ಕನ್ನಡ ಚಲನಚಿತ್ರ ಕಲಾವಿದರ ಸಂಘ ಕಟ್ಟಿದರು. ಊರೂರು ತಿರುಗಿ ನಾಟಕ ಆಡಿದರು. 1960ರಲ್ಲಿ ಇದೇ ಸಂಘದ ಹೆಸರಲ್ಲಿ ‘ರಣಧೀರ ಕಂಠೀರವ’ ನಿರ್ಮಿಸಿದರು.

ಇದನ್ನು ಸಿನಿಮಾ ಇತಿಹಾಸದ ಒಂದು ಸಾಲು ಅಂತ ಓದಿ ಮುಂದೆ ಹೋಗಬೇಡಿ. ಕೆಲಸವಿಲ್ಲದ ಕೆಲಸಗಾರರು ಮಾಲೀಕನಿಗಾಗಿ ಕಾಯದೆ ತಾವೇ ಸಂಘ ಕಟ್ಟಿ ಸರಕು ತಯಾರಿಸಿದ ಕಥೆ ಇದು. ಆ ನಾಲ್ವರಲ್ಲಿ ಇಬ್ಬರು ಹಾಸ್ಯನಟರು ಅನ್ನುವುದನ್ನು ಗಮನಿಸಿ. ತೆರೆಯ ಮೇಲೆ ಏಟು ತಿನ್ನುವ ಪುಕ್ಕಲರು, ತೆರೆಯ ಹಿಂದೆ ನಿರ್ಮಾಪಕರ ಸಾಲಿನಲ್ಲಿ ನಿಂತರು.

1. ಬರೆಯದೇ ಹೋದ ಸಿನಿಮಾಗಳು

ಹೌದು, ನನ್ನ ಪಟ್ಟಿಯ ಮೊದಲ ಸ್ಥಾನ ತೆರೆಗೇ ಬಾರದ ಸಿನಿಮಾಗಳಿಗೆ.

ಅವಕಾಶ ಸಿಕ್ಕಾಗ ಅವರು ಏನು ಮಾಡಬಲ್ಲವರಾಗಿದ್ದರು ಅನ್ನುವುದಕ್ಕೆ ಗುರುತುಗಳಿವೆ. 1967ರ ‘ನಕ್ಕರೆ ಅದೇ ಸ್ವರ್ಗ’ವನ್ನು ಇವತ್ತು ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರು ಕನ್ನಡದಲ್ಲಿ ಮೊದಲು ಹಾಡಿದ ಸಿನಿಮಾ ಅಂತ ನೆನೆಯುತ್ತಾರೆ. ನರಸಿಂಹರಾಜು ಅದರ ಮುಖ್ಯ ಪಾತ್ರಗಳಲ್ಲೊಬ್ಬರು. 1970ರ ‘ಶ್ರೀ ಕೃಷ್ಣದೇವರಾಯ’ದಲ್ಲಿ ತೆನಾಲಿ ರಾಮಕೃಷ್ಣ, ಅಂದರೆ ರಾಜನ ಎದುರು ಬುದ್ಧಿಯಿಂದ ನಿಲ್ಲುವ ಹಾಸ್ಯ. 1974ರಲ್ಲಿ ‘ಪ್ರೊಫೆಸರ್ ಹುಚ್ಚೂರಾಯ’, ಶೀರ್ಷಿಕೆಯೇ ಅವರ ಪಾತ್ರದ ಹೆಸರು.

250ರಲ್ಲಿ ಇಂಥವು ಎಷ್ಟು? ಬೆರಳೆಣಿಕೆ. ಐವತ್ತು ವರ್ಷ ರಂಗದ ಮೇಲೆ, ಕ್ಯಾಮೆರಾ ಮುಂದೆ ಕಳೆದವನನ್ನು ನಡುವೆ ನಿಲ್ಲಿಸಿ ಕಥೆ ಹೇಳಲು ಉದ್ಯಮಕ್ಕೆ ಮನಸ್ಸಾದದ್ದು ಅಷ್ಟೇ ಸಲ. ನಾಯಕನ ಗೆಳೆಯ, ನಾಯಕನ ಆಳು, ನಾಯಕನ ಶಿಷ್ಯ. ಅವನಿಗೊಂದು ಮನೆ, ಸಾಲ, ಸಿಟ್ಟು, ವಯಸ್ಸು ಇರಬಹುದು ಅಂತ ಬರೆದವರು ಕಮ್ಮಿ. 1970ರ ದಶಕಕ್ಕೆ ದ್ವಾರಕೀಶ್ ತಲೆಮಾರು ಬಂತು, ಹಾಸ್ಯದ ವರಸೆ ಬದಲಾಯಿತು. ದ್ವಾರಕೀಶ್ ಸ್ವತಃ ನಿರ್ಮಾಪಕರಾಗಿ ತಮ್ಮ ಜಾಗವನ್ನು ತಾವೇ ಕಟ್ಟಿಕೊಂಡರು. ಹಾಸ್ಯನಟನಿಗೆ ಗೌರವದ ಪಾತ್ರ ಬೇಕೆಂದರೆ ಅವನೇ ದುಡ್ಡು ಹಾಕಬೇಕು ಅನ್ನುವ ಪಾಠ ಅಲ್ಲಿಗೆ ಖಾತ್ರಿಯಾಯಿತು.

1979ರ ಜುಲೈನಲ್ಲಿ ನರಸಿಂಹರಾಜು ಹೃದಯಾಘಾತದಿಂದ ತೀರಿಕೊಂಡರು. ಆಗಿನ್ನೂ 56 ತುಂಬಿರಲಿಲ್ಲ. ಅವರ ನಂತರ ಬಂದ ಎಷ್ಟೋ ಹಾಸ್ಯನಟರು ಅರವತ್ತು ದಾಟಿದ ಮೇಲೆ ಅಪ್ಪನಾಗಿ, ಅಜ್ಜನಾಗಿ ಗಂಭೀರ ಪಾತ್ರ ಮಾಡಿ ಮೆಚ್ಚುಗೆ ಪಡೆದರು. ಇವರಿಗೆ ಆ ಎರಡನೇ ಇನ್ನಿಂಗ್ಸ್ ಸಿಗಲೇ ಇಲ್ಲ.

ಪಟ್ಟಿ ಮಾಡಲು ಸಿನಿಮಾ ಉಳಿದಿರಬೇಕು

ನನ್ನ ಎಕ್ಸೆಲ್ ಶೀಟ್‌ಗೆ ಇನ್ನೊಂದು ದೋಷವಿತ್ತು. ನಾನು ನೋಡಲು ಸಾಧ್ಯವಾದದ್ದು ಯೂಟ್ಯೂಬಿನಲ್ಲಿ ಸಿಕ್ಕವು ಮಾತ್ರ. ಅದರಲ್ಲೂ ಹೆಚ್ಚಿನವು ಟಿ.ವಿ.ಯಿಂದ ಇಳಿಸಿದ, ಮಸುಕಾದ, ನಡುವೆ ರೀಲು ಹಾರಿದ ಪ್ರತಿಗಳು. ಉಳಿದ ಮಾದರಿಯನ್ನೇ ಪೂರ್ತಿ ಅಂದುಕೊಂಡು ತೀರ್ಪು ಕೊಡುವುದು ಮೊದಲ ವರ್ಷದ ಇಂಜಿನಿಯರಿಂಗ್ ಹುಡುಗನೂ ಮಾಡದ ತಪ್ಪು. 1934ರಲ್ಲಿ ಬಂದ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಪ್ರತಿಯೇ ಇವತ್ತು ಉಳಿದಿಲ್ಲ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾದದ್ದು 1964ರಲ್ಲಿ, ಅಂದರೆ ನರಸಿಂಹರಾಜು ಸಿನಿಮಾಕ್ಕೆ ಬಂದು ಹತ್ತು ವರ್ಷವಾದ ಮೇಲೆ.

ಹೀರೋಗಳ ಸಿನಿಮಾ ಅಭಿಮಾನಿಗಳಿಂದ ಉಳಿಯುತ್ತದೆ. ಹಾಸ್ಯನಟನ ಸಿನಿಮಾ ಉಳಿಯುವುದು ತುಣುಕಾಗಿ, ಹೆಸರಿಲ್ಲದೆ, ಯಾರದ್ದೋ ಮೀಮ್ ಪೇಜಿನ ವಾಟರ್‌ಮಾರ್ಕ್ ಹೊತ್ತುಕೊಂಡು. ನಮ್ಮ ಸರ್ಕಾರಗಳು ಹೊಸ ಸಿನಿಮಾಗಳಿಗೆ ಸಬ್ಸಿಡಿ ಕೊಡುತ್ತವೆ, ಪ್ರಶಸ್ತಿ ಕೊಡುತ್ತವೆ, ಚಿತ್ರನಗರಿಯ ಘೋಷಣೆ ಮಾಡುತ್ತವೆ. ಹಳೆಯ ಪ್ರತಿಗಳನ್ನು ಹುಡುಕಿ, ಸ್ವಚ್ಛ ಮಾಡಿ, ಯಾರು ಬೇಕಾದರೂ ನೋಡುವಂತೆ ಇಡುವ ಕೆಲಸಕ್ಕೆ ಅದೇ ಉತ್ಸಾಹ ಕಾಣುವುದಿಲ್ಲ. ಕೇಳಬೇಕಾದವರು ನಾವು.

ಈ ಪಟ್ಟಿಯನ್ನು ಹುಡುಗನಿಗೆ ಕಳಿಸಿದೆ. ಒಂದೇ ಒಂದು ಸಿನಿಮಾ ಹೆಸರನ್ನೂ ಕೆಟ್ಟದ್ದು ಅಂತ ಬರೆದಿಲ್ಲವಲ್ಲ ಅಂತ ತಕರಾರು ತೆಗೆದ. ಆಮೇಲೆ ನಕ್ಷತ್ರಿಕನ ದೃಶ್ಯ ಎಲ್ಲಿ ಸಿಗುತ್ತದೆ ಅಂತ ಕೇಳಿದ. ಲಿಂಕ್ ಕಳಿಸಿದ್ದೀನಿ. ಪ್ರತಿ ಮಸುಕಾಗಿದೆ, ಆದರೆ ನಗು ಸ್ಪಷ್ಟವಾಗಿ ಕಾಣುತ್ತದೆ.